ತಟ್ಟೆಯಲ್ಲಿ ಸಿಗದ ವಾದ್ಯವೃಂದ

ಒಬ್ಬ ಕಲಾವಿದನ ಹಿರಿಮೆಯನ್ನು ಅಭಿಮಾನಿಗಳು ಹೇಳುವುದಕ್ಕೂ ಎದುರಾಳಿಗಳು ಒಪ್ಪಿಕೊಳ್ಳುವುದಕ್ಕೂ ಅಂತರವಿದೆ. 1926ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿದ್ದ ರೋಸ್‌ಲ್ಯಾಂಡ್ ಎಂಬ ನೃತ್ಯಶಾಲೆಯಲ್ಲಿ ಎರಡು ವಾದ್ಯವೃಂದಗಳು ಒಂದೇ ಸೂರಿನಡಿ, ಒಂದಾದ ಮೇಲೊಂದರಂತೆ, ನುಡಿಸಿದವು. ಒಂದು ಆ ಶಾಲೆಯದೇ ಆದ ಫ್ಲೆಚರ್ ಹೆಂಡರ್ಸನ್‌ನ ವೃಂದ. ನ್ಯೂಯಾರ್ಕಿನಲ್ಲಿ ಅದಕ್ಕೆ ಸಾಟಿಯಿಲ್ಲವೆಂದು ಎಲ್ಲರೂ ಬಲ್ಲರು. ಇನ್ನೊಂದು ಡೆಟ್ರಾಯಿಟ್ ನಗರದಿಂದ ಬಂದದ್ದು. ಹೆಂಡರ್ಸನ್‌ನ ವೃಂದದಲ್ಲಿ ಆಗ ಕಾರ್ನೆಟ್ ನುಡಿಸುತ್ತಿದ್ದ ರೆಕ್ಸ್ ಸ್ಟುವರ್ಟ್ ಎಂಬ ತರುಣ ಮುಂದೆ ತಾನೇ ದೊಡ್ಡ ಕಲಾವಿದನಾದ. ಚೆನ್ನಾಗಿ ಬರೆಯಬಲ್ಲವನೂ ಆಗಿದ್ದ. ಅವನು ತೀರಿಕೊಂಡ ಮೇಲೆ, 1972ರಲ್ಲಿ, ಅವನ ಬರಹಗಳು ಪುಸ್ತಕವಾಗಿ ಬಂದವು. ಅದರಲ್ಲಿ ಆ ರಾತ್ರಿಯ ವಿಷಯವನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ: ಊರಾಚೆಯಿಂದ ಬಂದವರೆಂದು ತಾವು ಅವರನ್ನು ಹಗುರವಾಗಿ ಕಂಡದ್ದು, ಅವರು ನುಡಿಸತೊಡಗಿದೊಡನೆ ತಾವು ಸ್ತಬ್ಧರಾದದ್ದು, ತಮಗೆ ಸೋಲಾಯಿತೆಂಬುದು ವೃಂದದ ಒಬ್ಬೊಬ್ಬರಿಗೂ ತಿಳಿದುಹೋದದ್ದು.

ಹಾಗೆ ಗೆದ್ದ ವೃಂದದ ಒಡೆಯ ಜೀನ್ ಗೋಲ್ಡ್‌ಕೆಟ್. ಜಾಝ್ ಸಂಗೀತವನ್ನು ಪ್ರೀತಿಯಿಂದ ಕೇಳುವವರಲ್ಲೂ ಬಹುಮಂದಿಗೆ ಇಂದು ಈ ಹೆಸರು ಅಪರಿಚಿತ. ಹೆಂಡರ್ಸನ್ ಇತಿಹಾಸದ ಪುಟಗಳಲ್ಲಿ ಉಳಿದಿದ್ದಾನೆ, ಉಳಿಯಲೇಬೇಕಾದವನು. ಅವನನ್ನು ಅವನದೇ ನೆಲದಲ್ಲಿ ಸೋಲಿಸಿದವನ ಹೆಸರು ಅಡಿಟಿಪ್ಪಣಿಗೆ ಇಳಿದಿದೆ. ಕಾರಣವೇನು? ಗೋಲ್ಡ್‌ಕೆಟ್ ವೃಂದದ ಧ್ವನಿಮುದ್ರಿಕೆಗಳು ಕಳೆದುಹೋಗಿವೆಯೇ ಎಂದರೆ, ಇಲ್ಲ. ಅವು ಇವೆ, ಬೇಕಾದವರಿಗೆ ಸಿಗುತ್ತವೆ. ತೊಡಕು ಇರುವುದು ಅಲ್ಲಿಯೇ. ಸ್ಟುವರ್ಟನ ಬರಹವನ್ನು ಓದಿ ಬಹಳ ನಿರೀಕ್ಷೆಯಿಂದ ಆ ಮುದ್ರಿಕೆಗಳನ್ನು ಕೇಳಲು ಕುಳಿತ ನನಗೆ ಮೊದಲ ಸಲ ಆದದ್ದು ನಿರಾಶೆ. ಅಚ್ಚುಕಟ್ಟಾದ ನೃತ್ಯಸಂಗೀತ, ನಡುವೆ ಸಕ್ಕರೆಯಂಥ ಗಾಯನ, ಅಷ್ಟರಲ್ಲಿ ಮುಗಿಯಿತು. ಹೆಂಡರ್ಸನ್ ಸೋತದ್ದು ಇದಕ್ಕೇ ಎಂದು ಅನ್ನಿಸಿತು. ಗ್ರಾಮಫೋನ್ ತಟ್ಟೆಯನ್ನು ನಾವು ಸುಳ್ಳಾಡದ ಸಾಕ್ಷಿಯೆಂದು ನಂಬಿದ್ದೇವೆ. ಆ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಈ ಮನುಷ್ಯನ ಕಥೆಯ ನೆವದಿಂದ ನೋಡಬಹುದು.

ಮೊದಲು ಒಂದು ಮಾತಿನ ಅರ್ಥ ಸ್ಪಷ್ಟವಾಗಬೇಕು. ಆ ಕಾಲದ ಅಮೆರಿಕದ ವಾದಕರು ಸಂಗೀತವನ್ನು 'ಹಾಟ್' ಎಂದೂ 'ಸ್ವೀಟ್' ಎಂದೂ ವಿಂಗಡಿಸುತ್ತಿದ್ದರು, ಬಿಸಿಯಾದದ್ದು, ಸಿಹಿಯಾದದ್ದು. ಸಿಹಿಯೆಂದರೆ ಪ್ರಕಾಶಕರು ಅಚ್ಚುಹಾಕಿದ ಜನಪ್ರಿಯ ಹಾಡನ್ನು ಇದ್ದಂತೆಯೇ ನಯವಾಗಿ ಒಪ್ಪಿಸುವುದು. ಬಿಸಿಯೆಂದರೆ ಆ ಹಾಡಿನ ಮೇಲೆ ವಾದಕ ತನ್ನ ಮನೋಧರ್ಮವನ್ನು ಹರಿಯಬಿಡುವುದು. ತಾಳಕ್ಕೆ ತುಸು ಮುಂದಾಗಿಯೋ ಹಿಂದಾಗಿಯೋ ಸ್ವರವನ್ನಿಟ್ಟು ಕೇಳುವವನ ಕಾಲನ್ನು ತಾನಾಗಿ ಆಡುವಂತೆ ಮಾಡುವುದು. ಕೃತಿಯನ್ನು ಪಾಠದಂತೆ ಹಾಡುವುದಕ್ಕೂ ಅದೇ ಕೃತಿಗೆ ಕಲ್ಪನಾಸ್ವರ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಇದು ಕಷ್ಟದ ವಿಷಯವಲ್ಲ. ಆದರೆ ಹತ್ತು ಹನ್ನೆರಡು ಜನ ಒಟ್ಟಿಗೆ ನುಡಿಸುವ ನೃತ್ಯವೃಂದದಲ್ಲಿ ಎಲ್ಲರೂ ಏಕಕಾಲಕ್ಕೆ ಮನೋಧರ್ಮಕ್ಕಿಳಿದರೆ ಗದ್ದಲವಾದೀತು. ಎಲ್ಲವನ್ನೂ ಬರೆದಿಟ್ಟರೆ ಬಿಸಿ ಆರಿಹೋಗುತ್ತದೆ. 1920ರ ದಶಕದ ಒಳ್ಳೆಯ ವೃಂದಗಳೆಲ್ಲ ಈ ಇಕ್ಕಟ್ಟಿಗೆ ಪರಿಹಾರ ಹುಡುಕುತ್ತಿದ್ದವು.

ಗೋಲ್ಡ್‌ಕೆಟ್ ಹುಟ್ಟಿದ್ದು 1893ರಲ್ಲಿ, ಯುರೋಪಿನಲ್ಲಿ. ಬಾಲ್ಯ ಕಳೆದದ್ದು ಗ್ರೀಸ್ ಮತ್ತು ರಷ್ಯಗಳಲ್ಲಿ. ಮಾಸ್ಕೋದಲ್ಲಿ ಪಿಯಾನೋ ಕಲಿತ. 1911ರಲ್ಲಿ ಅಮೆರಿಕಕ್ಕೆ ಬಂದ. ಅವನ ಒಲವೆಲ್ಲ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಡೆಗೆ. ಜಾಝ್ ಅವನಿಗೆ ಅನ್ನದ ದಾರಿಯಾಗಿ ಒದಗಿತು. ಷಿಕಾಗೋದಲ್ಲಿ ಕೆಲವು ಕಾಲ ನುಡಿಸಿ ಡೆಟ್ರಾಯಿಟಿಗೆ ಬಂದ. ಅದು ಮೋಟಾರು ಕಾರುಗಳ ಊರು. ಹೆನ್ರಿ ಫೋರ್ಡ್ 1914ರಲ್ಲಿಯೇ ದಿನಕ್ಕೆ ಐದು ಡಾಲರ್ ಕೂಲಿ ಸಾರಿದ್ದ. ಕೈಯಲ್ಲಿ ಕಾಸು, ಸಂಜೆಗೆ ಬಿಡುವು, ಎರಡೂ ಇದ್ದ ಸಾವಿರಾರು ಯುವಕ ಯುವತಿಯರಿಗೆ ಕುಣಿಯಲು ಸ್ಥಳ ಬೇಕಿತ್ತು. ವುಡ್‌ವರ್ಡ್ ಅವೆನ್ಯೂವಿನಲ್ಲಿ 1922ರಲ್ಲಿ ತೆರೆದ ಗ್ರೇಸ್ಟೋನ್ ಎಂಬ ಭವ್ಯ ನೃತ್ಯಶಾಲೆ ಗೋಲ್ಡ್‌ಕೆಟ್‌ನ ಕೈಗೆ ಬಂತು. ಅಲ್ಲಿಂದ ಅವನು ಒಂದು ವೃಂದವನ್ನಲ್ಲ, ಇಪ್ಪತ್ತಕ್ಕೂ ಹೆಚ್ಚು ವೃಂದಗಳನ್ನು ಕಟ್ಟಿ ಊರೂರಿಗೆ ಕಳಿಸಿದ.

ನಮ್ಮ ಯಕ್ಷಗಾನ ಮೇಳದ ಯಜಮಾನನನ್ನು ನೆನೆದುಕೊಂಡರೆ ಗೋಲ್ಡ್‌ಕೆಟ್‌ನ ಸ್ಥಾನ ಅರ್ಥವಾಗುತ್ತದೆ. ಯಜಮಾನ ವೇಷ ಕಟ್ಟುವುದಿಲ್ಲ, ಜಾಗಟೆ ಹಿಡಿಯುವುದಿಲ್ಲ. ಯಾವ ಭಾಗವತನಿಗೆ ಯಾವ ಮದ್ದಳೆಗಾರ ಹೊಂದುತ್ತಾನೆ, ಯಾವ ವೇಷಧಾರಿಯನ್ನು ಯಾವ ಮೇಳದಿಂದ ಬಿಡಿಸಿ ತರಬೇಕು, ಅವನಿಗೆಷ್ಟು ಕೊಡಬೇಕು ಎಂಬುದನ್ನು ಅರಿತವನು ಅವನು. 'ಜೀನ್ ಗೋಲ್ಡ್‌ಕೆಟ್ ಮತ್ತು ಅವನ ವಾದ್ಯವೃಂದ' ಎಂದು ಲೇಬಲ್ಲಿನ ಮೇಲೆ ಮುದ್ರಿತವಾದ 1926, 1927ರ ಆ ತಟ್ಟೆಗಳಲ್ಲಿ ಕೇಳುವ ಪಿಯಾನೋ ಅವನದಲ್ಲ. ಇಟ್ಜಿ ರಿಸ್ಕಿನ್ ಎಂಬವನದು. ವೇದಿಕೆಯ ಮೇಲೆ ವೃಂದವನ್ನು ನಡೆಸಿದವನು ಸ್ಯಾಕ್ಸೊಫೋನ್ ವಾದಕ ಫ್ರ್ಯಾಂಕಿ ಟ್ರಂಬಾವರ್. ಹೀಗೆ ಆರಿಸುವುದು, ಜೋಡಿಸುವುದು, ಸಂಬಳ ಕೊಡುವುದು ಮಾತ್ರ ಮಾಡಿದವನ ಕಲೆ ತಟ್ಟೆಯಲ್ಲಿ ಯಾವ ಸದ್ದನ್ನೂ ಉಳಿಸುವುದಿಲ್ಲ. ಮರೆವಿಗೆ ಇದೂ ಒಂದು ಕಾರಣವಾಗಿರಬೇಕು.

ಅವನ ಆಯ್ಕೆಗಳನ್ನು ನೋಡಿ. ಡಾರ್ಸೆ ಸೋದರರು, ಜಿಮ್ಮಿ ಮತ್ತು ಟಾಮಿ, ಹೆಸರು ಮಾಡುವ ಮೊದಲೇ ಅವನಲ್ಲಿದ್ದರು. ಪಿಟೀಲಿನಲ್ಲಿ ಜೋ ವೆನುಟಿ, ಗಿಟಾರಿನಲ್ಲಿ ಎಡ್ಡಿ ಲ್ಯಾಂಗ್ ಮುದ್ರಣಗಳಿಗೆ ಬಂದು ಸೇರುತ್ತಿದ್ದರು. ನ್ಯೂ ಆರ್ಲಿಯನ್ಸ್‌ನಿಂದ ಬಂದ ಸ್ಟೀವ್ ಬ್ರೌನ್ ದೊಡ್ಡ ಪಿಟೀಲಿನಂಥ ಬೇಸ್ ವಾದ್ಯದ ತಂತಿಗಳನ್ನು ಬೆರಳಿನಿಂದ ಎಳೆದು ಹಲಗೆಗೆ ಬಡಿಸುವವನು. ಮಂದ್ರದಲ್ಲಿ ಮೃದಂಗವನ್ನೂ ತಂಬೂರಿಯನ್ನೂ ಒಟ್ಟಿಗೆ ನುಡಿಸಿದಂತೆ. ಎಲ್ಲಕ್ಕೂ ಮಿಗಿಲಾಗಿ ಬಿಕ್ಸ್ ಬೈಡರ್‌ಬೆಕ್. ಅಯೋವ ರಾಜ್ಯದ ಡಾವೆನ್‌ಪೋರ್ಟಿನಲ್ಲಿ 1903ರಲ್ಲಿ ಹುಟ್ಟಿದ ಈ ಹುಡುಗ ಕಾರ್ನೆಟನ್ನು ತಾನಾಗಿಯೇ ಕಲಿತಿದ್ದ. 1924ರ ಕೊನೆಗೆ ಗೋಲ್ಡ್‌ಕೆಟ್ ಅವನನ್ನು ಸೇರಿಸಿಕೊಂಡ, ಸ್ವರಲಿಪಿ ಓದಲು ಸರಿಯಾಗಿ ಬರುವುದಿಲ್ಲವೆಂದು ಬಿಟ್ಟೂಬಿಟ್ಟ. ಟ್ರಂಬಾವರ್ ಅವನನ್ನು ಸೇಂಟ್ ಲೂಯಿಯಲ್ಲಿ ತನ್ನೊಡನೆ ಇಟ್ಟುಕೊಂಡು ತಿದ್ದಿ, 1926ರಲ್ಲಿ ಮತ್ತೆ ಗೋಲ್ಡ್‌ಕೆಟ್‌ನ ಬಳಿಗೆ ಕರೆತಂದ. ಒಮ್ಮೆ ಬೇಡವೆಂದವನನ್ನು ಮತ್ತೆ ಕರೆಯುವುದಕ್ಕೆ ಯಜಮಾನರಾದವರಿಗೆ ಸ್ವಲ್ಪ ಔದಾರ್ಯ ಬೇಕಾಗುತ್ತದೆ.

ಇಷ್ಟು ಜನರಿಗೂ ಸಂಗೀತವನ್ನು ಬರೆದುಕೊಡಲು ಬಂದವನು ಪೆನ್ಸಿಲ್ವೇನಿಯದ ವಿಲ್ಕ್ಸ್-ಬ್ಯಾರಿಯ ಬಿಲ್ ಚಾಲಿಸ್. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಮನೋಧರ್ಮಕ್ಕೂ ಬರವಣಿಗೆಗೂ ಇರುವ ಇಕ್ಕಟ್ಟನ್ನು ಹೇಳಿದೆನಲ್ಲ, ಅದಕ್ಕೆ ಈ ತರುಣ ಕಂಡುಕೊಂಡ ಉಪಾಯ ಸೊಗಸಾದದ್ದು. ಬಿಕ್ಸ್ ತನ್ನಷ್ಟಕ್ಕೆ ಹೆಣೆಯುತ್ತಿದ್ದ ಸಂಚಾರಗಳನ್ನು ಅವನು ಕಿವಿಗೊಟ್ಟು ಕೇಳುತ್ತಿದ್ದ. ಒಂದು ಸ್ವರದಿಂದ ಇನ್ನೊಂದಕ್ಕೆ ಅವನು ಹಾರುವ ರೀತಿ, ಎಲ್ಲಿ ತಡೆಯುತ್ತಾನೆ, ಎಲ್ಲಿ ನುಗ್ಗುತ್ತಾನೆ ಎಂಬುದನ್ನೆಲ್ಲ ಗುರುತಿಸಿ, ಅದೇ ನಡೆಯನ್ನು ಮೂರು ತುತ್ತೂರಿಗಳಿಗೆ, ಮೂರು ಸ್ಯಾಕ್ಸೊಫೋನುಗಳಿಗೆ ಹಂಚಿ ಬರೆಯುತ್ತಿದ್ದ. ಒಬ್ಬನ ಕಲ್ಪನಾಸ್ವರ ಮೂವರ ಕೊರಳಿನಲ್ಲಿ ಒಟ್ಟಿಗೆ ಹೊರಟಂತೆ. ಬರೆದದ್ದೂ ಹೌದು, ಆಗತಾನೆ ಹುಟ್ಟಿದಂತೆ ಕೇಳುವುದೂ ಹೌದು. ಇದರ ಮಧ್ಯೆ ಬಿಕ್ಸ್‌ಗೆ ತೆರಪು ಬಿಟ್ಟಿರುತ್ತಿದ್ದ. ಕೆಳಗೆ ಬ್ರೌನ್‌ನ ಮಂದ್ರ ನಡೆಯುತ್ತಲೇ ಇರುತ್ತಿತ್ತು. ರೋಸ್‌ಲ್ಯಾಂಡಿನಲ್ಲಿ ಹೆಂಡರ್ಸನ್‌ನ ಕಲಾವಿದರು ಎದುರಿಸಿದ್ದು ಇದನ್ನು.

ಇಂಥ ವೃಂದ ವಿಕ್ಟರ್ ಕಂಪನಿಯ ಧ್ವನಿಮುದ್ರಣ ಶಾಲೆಗೆ ಹೋದಾಗ ಆದದ್ದೇನು? ವಿಕ್ಟರ್ ಎಂದರೆ, ಗ್ರಾಮಫೋನಿನ ಕೊಳವೆಗೆ ಕಿವಿಯೊಡ್ಡಿ ಕುಳಿತ ನಾಯಿಯ ಚಿತ್ರವನ್ನು ಲೇಬಲ್ಲಿನಲ್ಲಿ ಹೊತ್ತ ಕಂಪನಿ. 'ಹಿಸ್ ಮಾಸ್ಟರ್ಸ್ ವಾಯ್ಸ್' ತಟ್ಟೆಗಳ ಮೂಲಕ ನಮ್ಮ ಮನೆಗಳಿಗೂ ಬಂದ ಅದೇ ನಾಯಿ. ಅಲ್ಲಿನ ಮೇಲ್ವಿಚಾರಕ ಎಡ್ಡಿ ಕಿಂಗ್‌ಗೆ ಬಿಕ್ಸ್‌ನ ಕಾರ್ನೆಟ್ ಕಂಡರಾಗದು. 1924ರಲ್ಲಿಯೇ ಬಿಕ್ಸ್‌ನ ವಾದನವನ್ನು ಅವನು ಬೇಡವೆಂದಿದ್ದ. ಕಂಪನಿಯ ಲೆಕ್ಕಾಚಾರವೂ ಅವನ ಕಡೆಗೇ ಇತ್ತು: ತಟ್ಟೆ ಕೊಳ್ಳುವವರಿಗೆ ಹಾಡು ಬೇಕು, ಹಾಡಿನ ಮಾತು ಬೇಕು, ಕುಣಿಯಲು ಸಮವಾದ ಗತಿ ಬೇಕು. ಆದ್ದರಿಂದ ಚಾಲಿಸ್‌ನ ಬಿಸಿಯ ಸಂಯೋಜನೆಗಳಲ್ಲಿ ಹಲವು ಮುದ್ರಣಕ್ಕೇ ಬರಲಿಲ್ಲ; ಬಂದವುಗಳ ನಡುವೆ ಗಾಯಕರು ಹೊಕ್ಕರು. ತಟ್ಟೆಯ ಒಂದು ಮಗ್ಗುಲಿಗೆ ಇರುವುದೇ ಸುಮಾರು ಮೂರು ನಿಮಿಷ. ಅದರ ನಿರ್ಬಂಧವನ್ನು ನಮ್ಮ ದೇಶದ ಸಂಗೀತವೂ ಅನುಭವಿಸಿದೆ. 1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ತಟ್ಟೆಗೆ ಹಾಡಿದಂದಿನಿಂದ ಎಷ್ಟೋ ವಿದ್ವಾಂಸರು ಒಂದು ಗಂಟೆಯ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿದ್ದಾರೆ. ಆದರೆ ಮಡಿಸಿದ್ದು ತಮ್ಮ ರಾಗವನ್ನೇ. ಗೋಲ್ಡ್‌ಕೆಟ್‌ನ ಜನ ಆ ಮೂರು ನಿಮಿಷದಲ್ಲಿಯೂ ಒಂದು ಭಾಗವನ್ನು ಪರರ ಹಾಡಿಕೆಗೆ ಬಿಟ್ಟುಕೊಡಬೇಕಾಯಿತು. ರೋಸ್‌ಲ್ಯಾಂಡಿನ ಆ ದಿನಗಳಲ್ಲೇ, ಅಕ್ಟೋಬರ್ 15ರಂದು, ಮುದ್ರಿತವಾದ 'ಸಂಡೇ' ಎಂಬ ಹಾಡನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ನಡುವೆ ಕೆಲ್ಲರ್ ಸೋದರಿಯರು ಮತ್ತು ಲಿಂಚ್ ಎಂಬ ಗಾಯಕರ ತಂಡ ಬರುತ್ತದೆ. ಅವರನ್ನು ನಾನು ದೂಷಿಸಲಾರೆ, ಕರೆದದ್ದಕ್ಕೆ ಬಂದರು. ಆದರೂ ಅವರು ಮುಗಿಸುವುದನ್ನೇ ಕಾಯುತ್ತೇನೆ.

ಹಾಗೆ ಕಾಯುವುದನ್ನು ಕಲಿತ ಮೇಲೆಯೇ ಈ ತಟ್ಟೆಗಳು ನನಗೆ ಬಾಯಿಬಿಟ್ಟದ್ದು. ಗೋಲ್ಡ್‌ಕೆಟ್ ವೃಂದವನ್ನು ಕೇಳುವವನು ತಟ್ಟೆಯ ಕೊನೆಯ ನಿಮಿಷಕ್ಕೆ ಹೋಗಬೇಕು. ಹಾಡು ಹೇಳಿ ಮುಗಿದಿದೆ, ಕಂಪನಿಗೆ ಸಲ್ಲಬೇಕಾದದ್ದು ಸಂದಿದೆ; ಆಗ ವೃಂದ ಒಮ್ಮೆಲೇ ಮೈಕೊಡವಿ ಏಳುತ್ತದೆ. 1926ರ ಜನವರಿಯ 'ಡೈನಾ' ಬಿಕ್ಸ್ ಮರಳಿ ಬರುವುದಕ್ಕೆ ಮುಂಚಿನದು. ಅದರ ಕೊನೆಯಲ್ಲಿ ಸ್ಟೀವ್ ಬ್ರೌನ್ ತಂತಿಗಳನ್ನು ಬಡಿಯತೊಡಗಿದಾಗ ಇಡೀ ವೃಂದದ ಅಡಿಪಾಯವೇ ಅಲುಗಾಡಿ ಮುಂದಕ್ಕೆ ಸರಿದಂತಾಗುತ್ತದೆ. ಇದು ಕೇಳಿಸುವುದಕ್ಕೂ ಒಂದು ಸುಯೋಗ ಬೇಕಿತ್ತು. 1925ಕ್ಕೆ ಮೊದಲು ಧ್ವನಿಯನ್ನು ತಗಡಿನ ಕೊಳವೆಯ ಮೂಲಕ ಹಿಡಿಯುತ್ತಿದ್ದರು. ಅದಕ್ಕೆ ಮಂದ್ರದ ತಂತಿ ದಕ್ಕುತ್ತಿರಲಿಲ್ಲವಾದ್ದರಿಂದ ಬೇಸ್ ಇರಬೇಕಾದೆಡೆಯಲ್ಲಿ ಟ್ಯೂಬ ಎಂಬ ಹಿತ್ತಾಳೆಯ ಊದುವಾದ್ಯವನ್ನು ನಿಲ್ಲಿಸುತ್ತಿದ್ದರು. ಮೈಕ್ರೊಫೋನು ಬಂದು ವರ್ಷ ತುಂಬುವುದರೊಳಗೆ ಬ್ರೌನ್ ಅದರ ಮುಂದೆ ನಿಂತಿದ್ದ. ಎರಡು ವರ್ಷ ಮೊದಲೇ ಆಗಿದ್ದರೆ ಅವನ ಬೆರಳುಗಳ ಸುದ್ದಿಯನ್ನು ನಾವು ಓದಿ ತಿಳಿಯಬೇಕಾಗುತ್ತಿತ್ತು.

1927ರ ಫೆಬ್ರವರಿ 1ರಂದು ಮುದ್ರಿಸಿದ 'ಮೈ ಪ್ರೆಟಿ ಗರ್ಲ್' ಇನ್ನೂ ಮುಂದಿನದು. ಇಲ್ಲಿ ಗಾಯಕರ ಹಂಗಿಲ್ಲ. ಬಿಕ್ಸ್‌ಗೆ ಒಂಟಿಯಾಗಿ ನುಡಿಸಲು ಅವಕಾಶವಿಲ್ಲದಿದ್ದರೂ ತುತ್ತೂರಿಗಳ ಗುಂಪನ್ನು ಅವನು ಎಳೆದುಕೊಂಡು ಹೋಗುವುದು ಕೇಳುತ್ತದೆ. ತೇರಿನ ಹಗ್ಗದಲ್ಲಿ ನೂರು ಕೈಗಳಿದ್ದರೂ ಬಲವಾದ ಒಂದು ಕೈಯ ಜಗ್ಗು ಬೇರೆಯಾಗಿ ತಿಳಿಯುವಂತೆ. ಆ ವರ್ಷದ ಸೆಪ್ಟೆಂಬರ್ 15ರಂದು ಮುದ್ರಿತವಾದ 'ಕ್ಲೆಮೆಂಟೈನ್'ನಲ್ಲಿ ಎಲ್ಲರೂ ಬಂಧನ ಕಳಚಿದವರಂತೆ ನುಡಿಸುತ್ತಾರೆ, ಬಿಕ್ಸ್‌ಗೆ ತನ್ನದೇ ಆದ ಸರದಿಯೂ ಸಿಗುತ್ತದೆ. ಇಡೀ ರಾಶಿಯಲ್ಲಿ ಒಂದೇ ತಟ್ಟೆಯನ್ನು ಉಳಿಸಿಕೊಳ್ಳಿ ಎಂದರೆ ನಾನು ಹಿಡಿದುಕೊಳ್ಳುವುದು ಇದನ್ನು. ಇದಾದ ಮೂರೇ ದಿನಕ್ಕೆ ವೃಂದ ಒಡೆಯಿತು.

ಇನ್ನೊಂದು ವಿಪರ್ಯಾಸವಿದೆ. ಇದೇ ಕಲಾವಿದರಲ್ಲಿ ಕೆಲವರು ಟ್ರಂಬಾವರ್‌ನ ಹೆಸರಿನಲ್ಲಿ ಓಕೆ ಎಂಬ ಇನ್ನೊಂದು ಕಂಪನಿಗೆ 1927ರ ಫೆಬ್ರವರಿ 4ರಂದು 'ಸಿಂಗಿನ್ ದ ಬ್ಲೂಸ್' ನುಡಿಸಿದರು. 'ಮೈ ಪ್ರೆಟಿ ಗರ್ಲ್' ಆದ ಮೂರನೆಯ ದಿನ. ಅಲ್ಲಿ ಅಡ್ಡಿಪಡಿಸುವವರು ಇರಲಿಲ್ಲ. ಅದರಲ್ಲಿ ಬಿಕ್ಸ್ ನುಡಿಸಿದ ಭಾಗವನ್ನು ಜಾಝ್ ಕಲಿಯುವವರು ಇಂದಿಗೂ ಪಾಠ ಮಾಡುತ್ತಾರೆ. ರೋಸ್‌ಲ್ಯಾಂಡಿನಲ್ಲಿ ಸೋತ ರೆಕ್ಸ್ ಸ್ಟುವರ್ಟ್ ಅದನ್ನು ಸ್ವರಸ್ವರವಾಗಿ ಕಲಿತು, 1931ರಲ್ಲಿ ಹೆಂಡರ್ಸನ್‌ನ ವೃಂದದ ತಟ್ಟೆಯಲ್ಲಿ ಹಾಗೆಯೇ ನುಡಿಸಿದ. ಎದುರಾಳಿ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹೆಚ್ಚಿನದು ನನಗೆ ತೋಚುವುದಿಲ್ಲ. ಆದರೆ ಬಿಕ್ಸ್‌ನ ಆ ಮುದ್ರಿಕೆಯ ಮೇಲೆ ಗೋಲ್ಡ್‌ಕೆಟ್‌ನ ಹೆಸರಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹೆಂಡರ್ಸನ್‌ನ ವೃಂದ ಕರಿಯರದು, ಗೋಲ್ಡ್‌ಕೆಟ್‌ನದು ಬಿಳಿಯರದು. ಒಂದು ರಾತ್ರಿಯ ಗೆಲುವನ್ನು ಹಿಡಿದುಕೊಂಡು ಈ ಸಂಗೀತದ ಹಕ್ಕನ್ನೇ ಕೈಬದಲಿಸುವುದು ಅನ್ಯಾಯವಾದೀತು. ಬ್ರೌನ್ ಬಡಿದ ತಂತಿಯಾಗಲಿ ಬಿಕ್ಸ್ ಹಿಡಿದ ನಡೆಯಾಗಲಿ ಕರಿಯ ಜನ ಕಟ್ಟಿದ ಸಂಗೀತದಿಂದ ಬೆಳೆದದ್ದು. 1924ರಲ್ಲಿ ಹೆಂಡರ್ಸನ್‌ನ ಜೊತೆ ಸೇರಿ ನ್ಯೂಯಾರ್ಕಿಗೆಲ್ಲ ಲಯದ ಪಾಠ ಹೇಳಿದವನು ಲೂಯಿ ಆರ್ಮ್‌ಸ್ಟ್ರಾಂಗ್. ಗ್ರೇಸ್ಟೋನಿನಲ್ಲಿ ಕರಿಯರಿಗೆ ಪ್ರವೇಶವಿದ್ದದ್ದು ಸೋಮವಾರ ರಾತ್ರಿ ಮಾತ್ರ. ಮಿಕ್ಕ ದಿನಗಳಲ್ಲಿ ಅದೇ ವೇದಿಕೆಯ ಮೇಲೆ ಅವರು ಬಿಳಿಯರಿಗಾಗಿ ನುಡಿಸಬಹುದಿತ್ತು, ಕೆಳಗಿನ ನೆಲದ ಮೇಲೆ ಹೆಜ್ಜೆಯಿಡುವಂತಿರಲಿಲ್ಲ. ಗೋಲ್ಡ್‌ಕೆಟ್ ಈ ಕಟ್ಟಳೆಯನ್ನು ಮುರಿದವನಲ್ಲ. ಆದರೆ ಅವನ ಕಿವಿಗೆ ಬಣ್ಣವಿರಲಿಲ್ಲವೆಂಬುದನ್ನು ಒಪ್ಪಬೇಕು. ಮ್ಯಾಕಿನೀಸ್ ಕಾಟನ್ ಪಿಕರ್ಸ್ ಎಂಬ ಕರಿಯರ ವೃಂದವನ್ನು ಅವನು ಗ್ರೇಸ್ಟೋನಿಗೆ ತಂದ; 1927ರಲ್ಲಿ ಹೆಂಡರ್ಸನ್‌ನ ಬಲಗೈಯಂತಿದ್ದ ಡಾನ್ ರೆಡ್‌ಮನ್‌ನನ್ನು ಒಲಿಸಿ ಕರೆತಂದು ಅದರ ಸಂಗೀತದ ಹೊಣೆ ವಹಿಸಿದ. ಆ ವೃಂದದ ತಟ್ಟೆಗಳು ಕೇಳಿದಲ್ಲೆಲ್ಲ ಹೊಗಳಿಕೆ ಪಡೆದವು. ಅವನದೇ ಆರೆಂಜ್ ಬ್ಲಾಸಮ್ಸ್ ಎಂಬ ಇನ್ನೊಂದು ಗುಂಪು 1929ರಲ್ಲಿ ಸ್ವತಂತ್ರವಾಗಿ ಕಾಸಾ ಲೋಮಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇವೆರಡಕ್ಕೂ ಇತಿಹಾಸದಲ್ಲಿ ತಮ್ಮ ತಮ್ಮ ಹೆಸರಿದೆ. ಮರೆವು ಹೆಂಡರ್ಸನ್‌ನನ್ನೂ ಪೂರ್ತಿ ಬಿಡಲಿಲ್ಲ. ಅವನು ಬರೆದುಕೊಟ್ಟದ್ದನ್ನು ನುಡಿಸಿದ ಬೆನ್ನಿ ಗುಡ್‌ಮನ್ 1930ರ ದಶಕದಲ್ಲಿ 'ಸ್ವಿಂಗ್‌ನ ರಾಜ' ಎನ್ನಿಸಿಕೊಂಡ.

ಗೋಲ್ಡ್‌ಕೆಟ್‌ನ ವೃಂದ ಒಡೆದದ್ದು ಜಗಳದಿಂದಲ್ಲ, ಸಂಬಳದಿಂದ. ಅಷ್ಟು ಜನ ತಾರೆಯರನ್ನು ಒಟ್ಟಿಗೆ ಸಾಕುವುದು ಯಾವ ನೃತ್ಯಶಾಲೆಗೂ ಸಾಧ್ಯವಿರಲಿಲ್ಲ. 1927ರ ಸೆಪ್ಟೆಂಬರ್ 18ರ ರಾತ್ರಿ ಅದೇ ರೋಸ್‌ಲ್ಯಾಂಡಿನಲ್ಲಿ ಕೊನೆಯ ಬಾರಿ ನುಡಿಸಿ ಎಲ್ಲರೂ ಚದುರಿದರು. ಬಿಕ್ಸ್, ಟ್ರಂಬಾವರ್, ಚಾಲಿಸ್, ಬ್ರೌನ್ ಒಬ್ಬೊಬ್ಬರಾಗಿ ಪಾಲ್ ವೈಟ್‌ಮನ್‌ನ ಸಿರಿವಂತ ವೃಂದವನ್ನು ಸೇರಿದರು. ಕುಡಿತಕ್ಕೆ ಬಲಿಯಾದ ಬಿಕ್ಸ್ 1931ರ ಆಗಸ್ಟ್ 6ರಂದು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡು ದಂತಕಥೆಯಾದ. ಗೋಲ್ಡ್‌ಕೆಟ್‌ಗೆ ಆ ಭಾಗ್ಯವಿರಲಿಲ್ಲ. ಅವನು ಬದುಕಿದ. 1930ರಲ್ಲಿ ಡೆಟ್ರಾಯಿಟಿನ ಸಿಂಫನಿ ವಾದ್ಯಗೋಷ್ಠಿಯೊಡನೆ ಪಿಯಾನೋ ನುಡಿಸಿದ. ಮುಂದೆ ಕಲಾವಿದರ ಕಚೇರಿಗಳನ್ನು ಗೊತ್ತುಮಾಡುವ ದಲ್ಲಾಳಿಯಾಗಿ, ಶಾಸ್ತ್ರೀಯ ಪಿಯಾನೋ ವಾದಕನಾಗಿ ಕಾಲ ಕಳೆದು 1962ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರದಲ್ಲಿ ಕಣ್ಣುಮುಚ್ಚಿದ. ಗ್ರೇಸ್ಟೋನನ್ನು 1980ರಲ್ಲಿ ಕೆಡವಿದರು.

ಮರೆತವರನ್ನು ಹುಡುಕುವ ಕೆಲಸ ಬಹುಪಾಲು ಬಿಕ್ಸ್‌ನ ನೆವದಿಂದಲೇ ನಡೆಯಿತು. 1974ರಲ್ಲಿ ರಿಚರ್ಡ್ ಸಡ್ಹಾಲ್ಟರ್, ಫಿಲಿಪ್ ಇವಾನ್ಸ್ ಮೊದಲಾದವರು ಹೊರತಂದ ಬಿಕ್ಸ್‌ನ ಜೀವನಚರಿತ್ರೆ, ಬದುಕಿದ್ದ ಹಳೆಯ ವಾದಕರ ನೆನಪುಗಳನ್ನು ಕೂಡಿಸಿ ಗೋಲ್ಡ್‌ಕೆಟ್ ವೃಂದದ ದಿನಚರಿಯನ್ನೇ ಬಿಡಿಸಿಟ್ಟಿತು. ಆದರೆ ನೆನಪು ಎಷ್ಟಾದರೂ ಮಾತು, ಸಂಗೀತವಲ್ಲ. 1986ರಲ್ಲಿ ವಿನ್ಸ್ ಜೋರ್ಡಾನೊ ಎಂಬ ನ್ಯೂಯಾರ್ಕಿನ ವಾದಕ ಬಿಲ್ ಚಾಲಿಸ್‌ನ ಮೊರೆಹೊಕ್ಕ. ಎಂಬತ್ತು ದಾಟಿದ್ದ ಚಾಲಿಸ್ ಅರುವತ್ತು ವರ್ಷದ ಹಿಂದಿನ ತನ್ನ ಸಂಯೋಜನೆಗಳನ್ನು ಮತ್ತೆ ಅಣಿಗೊಳಿಸಿಕೊಟ್ಟ. ಜೋರ್ಡಾನೊ ಅವನ್ನು ಹೊಸ ಕಲಾವಿದರಿಂದ ನುಡಿಸಿ ಮುದ್ರಿಸಿದ. ಇದನ್ನು ಹಳೆಯ ವೃಂದವೆಂದು ಭ್ರಮಿಸಬೇಕಾಗಿಲ್ಲ. ಬಿಕ್ಸ್‌ನ ಉಸಿರು ಹಾಳೆಯ ಮೇಲೆ ಇರುವುದಿಲ್ಲ. ಆದರೂ ಹಾಳೆಯ ಮೇಲೆ ಏನಿತ್ತು ಎಂಬುದು ಸ್ಫುಟವಾಗಿ ಕಿವಿಗೆ ಬಿತ್ತು. ಅದನ್ನು ಕೇಳಿ ಹಳೆಯ ತಟ್ಟೆಗೆ ಮರಳಿದರೆ, ಗರಗರ ಸದ್ದಿನ ಹಿಂದೆ ಅಡಗಿದ್ದ ನಡುವಣ ಸ್ವರಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ.

ಕೊನೆಯದಾಗಿ ಇನ್ನೊಬ್ಬನನ್ನು ಹೇಳಬೇಕು. ರೋಸ್‌ಲ್ಯಾಂಡಿನ ಆ ರಾತ್ರಿ ಟ್ರಾಂಬೋನ್ ಹಿಡಿದು ಕುಳಿತಿದ್ದವರಲ್ಲಿ ಸ್ಪೀಗಲ್ ವಿಲ್ಕಾಕ್ಸ್ ಒಬ್ಬ. ವೃಂದ ಒಡೆಯುವ ಮೊದಲೇ, 1927ರಲ್ಲಿ, ಅವನು ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿಗೆ ಹೋಗಿ ತಂದೆಯ ಕಲ್ಲಿದ್ದಲ ವ್ಯಾಪಾರವನ್ನು ನೋಡಿಕೊಂಡ. ಆಗೀಗ ಊರಿನ ಮಟ್ಟಿಗೆ ನುಡಿಸುತ್ತಿದ್ದ. 1975ರಲ್ಲಿ ಹಳೆಯ ಗೆಳೆಯ ಜೋ ವೆನುಟಿಯ ಕರೆ ಬಂತು: ಬಿಕ್ಸ್‌ನ ನೆನಪಿಗೆ ಒಂದು ಕಚೇರಿ, ಬಾ. ಎಪ್ಪತ್ತು ದಾಟಿದ್ದ ವಿಲ್ಕಾಕ್ಸ್ ವಾದ್ಯವನ್ನೆತ್ತಿಕೊಂಡು ಹೊರಟ. ಆಮೇಲೆ ಅವನು ಮನೆಯಲ್ಲಿ ನಿಂತದ್ದೇ ಕಡಮೆ. ತೊಂಬತ್ತರ ಪ್ರಾಯದಲ್ಲಿಯೂ ಅಮೆರಿಕ, ಯುರೋಪುಗಳನ್ನು ಸುತ್ತುತ್ತ, ಚಾಲಿಸ್‌ನ ಕಾಲದ ಹಾಡುಗಳನ್ನು ಮೊಮ್ಮಕ್ಕಳ ವಯಸ್ಸಿನ ವಾದಕರೊಡನೆ ನುಡಿಸುತ್ತಿದ್ದ. ಅವನು ತೀರಿಕೊಂಡದ್ದು 1999ರ ಆಗಸ್ಟಿನಲ್ಲಿ.